ಕೋವಿ ಮಲಗಿದ ಮೇಲೆ

ಮಳವಳ್ಳಿ ಮಗ್ಗುಲು, ಶಿಂಷಾ ದಂಡೆ,
ಮೂರು ಕಲ್ಲಿನ ಒಲೆ, ಶಿಕಾರಿಯ ಬಿಡಾರ.
ಸೀಸೆಯ ಬಿರಡೆ ಬಿಚ್ಚಿದ್ದು ನಾನೇ.
‘ಮಡಗ್ಲಾ ಅತ್ಲಾಗೆ,’ ಅಂದ ಜವರಯ್ಯ,
‘ಕೋವಿ ಮಲಗಿದ ಮೇಲೆ ಅದು ಏಳ್ಲಿ.’

ಬಾಯಿ ಒಣಗಿತು. ಬೈದುಕೊಂಡೆ, ಒಳಗೊಳಗೇ.

ನಡುರಾತ್ರಿ ಕಬ್ಬಿನ ಗದ್ದೆ ಅಲುಗಿತು.
ಹಂದಿ!
ನಮ್ಮೆಲ್ಲರ ಉಸಿರೂ ಅದನ್ನೇ ಅಂದಿತು.
ಅವನ ಬೆರಳೊಂದು ಸುಮ್ಮನಿತ್ತು.

ಕಬ್ಬು ಕೆಮ್ಮಿತು.
ಆಮೇಲೆ ಬೀಡಿಯ ಕಿಡಿ, ಆಮೇಲೆ
ಚೆಂಬು ಹಿಡಿದ ನಮ್ಮ ದ್ಯಾವಣ್ಣ,
ಪಂಚೆ ಎತ್ತಿ ಕಟ್ಟುತ್ತಾ:
‘ಯಾಕ್ರಲಾ ಹಿಂಗೆ ಕುಂತಿದ್ದೀರಿ?’

ಜವರಯ್ಯ ತೋಟಾ ಎರಡೂ ತೆಗೆದು
ಸೊಂಟದ ಚೀಲಕ್ಕೆ ಹಾಕಿದ.
ಕೋವಿಗೆ ಕಂಬಳಿ ಹೊದಿಸಿದ,
ಬಾಯಿ ಹೊಳೆಯ ಕಡೆಗೆ.

‘ಈಗ ಬಗ್ಗಿಸು.’

ಅರ್ಧ ಲೋಟ ಸಾಕಾಯಿತು ನನಗೆ.
ಅದರಲ್ಲೂ, ಕೈ ನಡುಗಿ,
ಮರಳೇ ಹೆಚ್ಚು ಕುಡಿಯಿತು.