ಮೂರನೇ ಸಂಪುಟದಲ್ಲಿರುವವರು

ಭಾನುವಾರ, ಸಂಜೆಯ ಪುಷ್‌ಪುಲ್ ಗಾಡಿ ಮೈಸೂರಿಗೆ ಹೊರಟ ಮೇಲೆ
ಮಂಡ್ಯ ಸ್ಟೇಷನ್ ಹಿಂದೆ, ಸಾಕಮ್ಮನ ಕ್ಯಾಂಟೀನಿನ ಕಲ್ಲುಬೆಂಚಿನಲ್ಲಿ
ನಾವು ಕೂರುತ್ತೇವೆ. ಏಳೂ ಸಂಪುಟ ಮುಗಿಸಿದವರು,
ಐದರಲ್ಲಿ ಸಿಕ್ಕಿಕೊಂಡವರು,
ಒಂದನ್ನೂ ಓದದೆ ಎಲ್ಲಕ್ಕೂ ತಲೆಯಾಡಿಸುವ ಕೆಂಪರಾಜು.

ಗಾಳಿ ತಿರುಗಿದರೆ ಕಾಕಂಬಿ ವಾಸನೆ.
'ಉರಿನಾಗದ ಉಸಿರೂ ಹಿಂಗೇ ಇರ್ತದೆ ಕಣ್ರೀ,
ಸಿಹಿ ಸುಟ್ಟಂಗೆ' ಅನ್ನುತ್ತಾಳೆ ನಫೀಸಾ.
ಮೂಗು ಮುಚ್ಚಿಕೊಂಡೇ ವಡೆ ಮುರಿಯುತ್ತಾಳೆ.

ಮರಿಲಿಂಗ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನವನು.
ಹೊಗೆನಾಡಿನ ಉರಿನಾಗ ಎಷ್ಟು ಟನ್ ಇದ್ದೀತು ಅಂತ
ಕಬ್ಬಿನ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿ ತಂದಿದ್ದಾನೆ:
'ಹದಿನೆಂಟು. ಉಂಡಿದ್ರೆ ಇಪ್ಪತ್ತು.
ರೆಕ್ಕೆ ಒಸಿ ಎತ್ಕಂಡು ನಿಂತ್ರೆ ತೂಕ ಕಮ್ಮಿ ತೋರುಸ್ತದೆ,
ನಮ್ಮಲ್ಲಿ ಆ ಮೋಸ ನಡಿಯಕಿಲ್ಲ.'

ನಫೀಸಾಳದು ಹೊಲಿಗೆ ಅಂಗಡಿ.
ಮಂತ್ರವಾದಿ ತೊಟ್ಟ ಇರುಳಿನ ನಿಲುವಂಗಿಗೆ
ಮೂರೂವರೆ ಮೀಟರು ಸಾಲದಂತೆ.
'ಇರುಳು ತೊಳುದ್ರೆ ಕುಗ್ತದೆ. ಮೊದ್ಲೇ ನೆನೆಸಿ ಒಣಗಿಸ್ಬೇಕಿತ್ತು.
ಬರೆದೋರಿಗೆ ಬಟ್ಟೆ ಗೊತ್ತಿಲ್ಲ, ಬುಡಿ.'

ನಾನು ಆಸ್ಪತ್ರೆ ಲ್ಯಾಬಿನವಳು,
ನನ್ನ ಪಾಲಿಗೆ ಬರುವುದು ಬರೀ ರಕ್ತ.
ದೈತ್ಯರ ಗುಂಪು ಯಾವುದು ಅಂತ ಕೇಳಿದ್ದರು ಒಮ್ಮೆ.
ಹೊಟ್ಟೆ ಹಸಿದಿತ್ತು, ಓ ನೆಗೆಟಿವ್ ಅಂದುಬಿಟ್ಟೆ.
ಇವತ್ತಿಗೂ ಅದೇ ಶಾಸನ.
ಯುದ್ಧದ ಅಧ್ಯಾಯ ಬಂದಾಗಲೆಲ್ಲ
'ಅಯ್ಯೋ, ಸಿಗೋದೇ ಕಷ್ಟವಲ್ಲ' ಅಂತ ಮರುಗುತ್ತಾರೆ.

ನಡುವೆ ಬೇರೆ ಮಾತೂ ಉಂಟು.
ಮರಿಲಿಂಗನ ದವಡೆ ಹಲ್ಲು ಕೀಳಿಸಬೇಕೋ ಬೇಡವೋ,
ಕೆಂಪರಾಜನ ಸ್ಕೂಟರು ಗುತ್ತಲು ರಸ್ತೆಯಲ್ಲೇ ಯಾಕೆ ಕೆಡುತ್ತದೆ,
ಚೀಟಿ ಯಾರಿಗೆ ಎದ್ದಿತು.
ಹಲ್ಲಿನಿಂದ ಉರಿನಾಗದ ಹಲ್ಲಿಗೆ
ಒಂದು ಗುಟುಕು ಟೀ ಅಷ್ಟೇ ದೂರ.

ಆಮೇಲೆ ಜವರಶೆಟ್ಟರು ಬರುತ್ತಾರೆ.
ನಾವೆಲ್ಲ ತಟ್ಟನೆ ಹವಾ ವಿಷಯ ಮಾತಾಡುತ್ತೇವೆ.

ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರು.
ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಧೈರ್ಯ ಬಂದಿಲ್ಲ.
ಭೂತಗನ್ನಡಿ ಹಿಡಿದು ದಿನಕ್ಕೆ ನಾಲ್ಕು ಪುಟ.
ಗುರುತಿಗೆ ಒಂದು ಹಳೇ ಟಿಕೆಟ್ಟು: ಮಳವಳ್ಳಿ, ಎರಡೂವರೆ ರೂಪಾಯಿ.
'ಎಲ್ಲಿಗೆ ಬಂತು ಶೆಟ್ರೆ?'
'ಮೂರನೇದು, ಇನ್ನೂರ ಹನ್ನೆರಡು. ಇನ್ನೂ ಬಾಳ ಸ್ಟೇಜು ಅವೆ.'

ಕೂತು, ಮೊಣಕಾಲು ನೀವಿಕೊಂಡು, ಕೇಳುತ್ತಾರೆ,
ಪ್ರತಿ ವಾರ ಕೇಳುವ ಹಾಗೆ, ನೆಂಟರ ಮನೆ ಹುಡುಗಿಯನ್ನು ಕೇಳುವ ಹಾಗೆ:
'ರಾಣಿ ಮಂಜುಗಣ್ಣಿ ಎಂಗವ್ಳೆ ಮುಂದೆ?'

ಆರನೇ ಸಂಪುಟದ ಸೇತುವೆ.
ನಮ್ಮೆಲ್ಲರ ಕಣ್ಣೂ ಲೋಟದೊಳಗೆ.
ಆ ಪುಟ ಓದಿದ ದಿನ ನಫೀಸಾ
ಯಾರದೋ ಮದುವೆ ರವಿಕೆಗೆ ತೋಳು ತಿರುಗಾಮುರುಗಾ ಹೊಲಿದಿದ್ದಳು.
ಈಗ ಮೊದಲು ಬಾಯಿ ಬಿಟ್ಟವಳೂ ಅವಳೇ:
'ಚೆನ್ನಾಗವ್ರೆ ಶೆಟ್ರೆ. ಹೊಸ ಸೀರೆ ಉಟ್ಟವ್ರೆ.'
'ಒಸಿ ದಪ್ಪ ಆಗವ್ರೆ' ಅಂದ ಮರಿಲಿಂಗ, ತೂಕದವನ ಖಾತ್ರಿಯಲ್ಲಿ.
ನಾನೂ ಸುಮ್ಮನಿರಲಾರದೆ
ಹಿಮೋಗ್ಲೋಬಿನ್ ಹನ್ನೆರಡೂವರೆ ಅಂದೆ.
ಕೆಂಪರಾಜು ತಲೆಯಾಡಿಸಿದ.
ಈ ಸಲ ಅವನಿಗೂ ನಮಗೂ ಏನೂ ವ್ಯತ್ಯಾಸವಿರಲಿಲ್ಲ.

'ಅಂಗಾದ್ರೆ ಸರಿ' ಅಂದರು ಶೆಟ್ಟರು.
'ಅವ್ಳಿಗೇನಾರ ಆಗಂಗಿದ್ರೆ ಮೊದ್ಲೇ ಏಳ್ಬುಡಿ,
ಇಂದಿನ ಸ್ಟಾಪಲ್ಲೇ ಇಳ್ಕತೀನಿ.'

ಅವರು ಕೈ ತೊಳೆಯಲು ಎದ್ದಾಗ ಮರಿಲಿಂಗ ಚೀಟಿ ತಿರುವಿ
ಪೆನ್ಸಿಲ್ಲಿನಲ್ಲಿ ಭಾಗಿಸಿದ. ದಿನಕ್ಕೆ ನಾಲ್ಕರಂತೆ
ಆ ಸೇತುವೆಗೆ ಇನ್ನು ಒಂದು ವರ್ಷ ಎಂಟು ತಿಂಗಳು.
'ಇನ್ನೊಂದು ಕಣ್ಣು ಮಾಡುಸ್ಕಂಡ್ರೆ?' ಅಂದಳು ನಫೀಸಾ.
ಯಾರೂ ಉತ್ತರ ಕೊಡಲಿಲ್ಲ.

ಸಾಕಮ್ಮ ಲೋಟ ಎಣಿಸಿ ಆರು ಅಂದಳು.
ನಾವು ಐವರು.
ಕೆಂಪರಾಜು ಎರಡು ಕುಡಿದಿರಬೇಕು,
ಕೇಳಿದರೆ ಅದಕ್ಕೂ ತಲೆಯಾಡಿಸುತ್ತಾನೆ.