ಒಳಜೇಬು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಮೂರು ಮೆಟ್ಟಿಲಿಳಿದರೆ ನನ್ನ ಅಂಗಡಿ.
ಟೈಲರ್ ಮೊಯ್ದು. ಬೋರ್ಡಿನ ಕತ್ತರಿ ಅಳಿದು
ಒಂದೇ ಅಲಗು ಉಳಿದಿದೆ.
ಪತ್ರಿಕೆಯವರು ಬರುತ್ತಾರೆ: ನಾಯಕರ ಬಗ್ಗೆ ನಾಲ್ಕು ಮಾತು.
ಮಾತು ನನಗೆ ಬರದು. ಅಳತೆ ಪುಸ್ತಕ ಇದೆ, ನೋಡಿ.

ಎದೆ ಮೂವತ್ತೆರಡು. ತೋಳು ಇಪ್ಪತ್ತಮೂರೂವರೆ.
ಹೆಸರಿನ ಜಾಗದಲ್ಲಿ ದಾಸ ಅಂತಿದೆ,
ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.
ನಿಜದ ಹೆಸರು ಕುಟ್ಟಯ್ಯ, ಸುಬೇದಾರರ ಮಗ,
ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ಪೂ ಸಿಕ್ಕಿಸಿ ಕೈಮುಗಿಯುವ ಮನೆ.
ಆ ಕೋವಿಯನ್ನೇ ಹೊತ್ತು ಒಂದು ರಾತ್ರಿ
ಸಿದ್ದಾಪುರದ ಕಡೆಯ ತೋಟಕ್ಕೆ ನುಗ್ಗಿ
ಲೈನ್‌ಮನೆಗಳ ಸಾಲದ ಪುಸ್ತಕಕ್ಕೆ ಬೆಂಕಿ ಇಟ್ಟ.
ಗುಂಡು ಹಾರಿಸಲಿಲ್ಲವಂತೆ.
ರೈಟರನ ಪಂಚೆ ಮಾತ್ರ ಒದ್ದೆಯಾಯಿತಂತೆ.

"ಮೊಯ್ದಿಕ್ಕ, ಎಡಗಡೆ ಒಂದು ಒಳಜೇಬು.
ಹೊರಗಿನಿಂದ ಗೊತ್ತಾಗಬಾರದು."
ಅಂಗೈ ಅಗಲ, ಬಾಯಿ ಪಕ್ಕಕ್ಕೆ,
ಅಸ್ತರಿನದೇ ಬಟ್ಟೆ, ಅಸ್ತರಿನದೇ ದಾರ.
ನಾಲ್ಕು ಮಡಿಕೆಯ ಕರಪತ್ರ ಸರಿಯಾಗಿ ಕೂರುತ್ತಿತ್ತು.
ದುಡ್ಡು ಕ್ರಾಂತಿ ಆದಮೇಲೆ, ಅಂದ.
ಹದಿನಾಲ್ಕು ರೂಪಾಯಿ, ಬಾಕಿ ಹಾಗೇ ಇದೆ.

ಬ್ರಹ್ಮಗಿರಿಯ ಬುಡದ ಹಾಡಿಯಲ್ಲಿ ಎರವರ ಬೊಳ್ಳಚ್ಚಿ
ಒಂಬತ್ತು ದಿನ ಅವನನ್ನು ಸೌದೆರಾಶಿಯ ಹಿಂದೆ ಬಚ್ಚಿಟ್ಟಳು.
ಪೊಲೀಸರು ಹೊಸ್ತಿಲಲ್ಲಿ ನಿಂತಿದ್ದಾಗ ಒಳಗೆ ಕೆಮ್ಮು.
ಕೂಡಲೇ ಇವಳೂ ಕೆಮ್ಮಿದಳು,
ಎದೆ ಕಿತ್ತು ಬರುವ ಹಾಗೆ,
ಅವರು ಮೂಗು ಮುಚ್ಚಿಕೊಂಡು ಹೊರಟುಹೋಗುವ ತನಕ.

ಜೈಲಿನಿಂದ ಬಂದಾಗ ಎದೆ ಮೂವತ್ತು.
ಆಮೇಲೆ ಪುಟ ತಿರುವಿದ ಹಾಗೆ ಮನುಷ್ಯ ಬೆಳೆದ.
ಮೂವತ್ತಾರಕ್ಕೆ ಜುಬ್ಬಾ, ಠೇವಣಿ ಹೋಯಿತು.
ಮೂವತ್ತೆಂಟಕ್ಕೆ ಗೆದ್ದ; ಹಾರ ಬಿದ್ದು ಬಿದ್ದು
ಕಾಲರಿಗೆ ಹಿಡಿದ ಕಲೆ ಹೋಗಲೇ ಇಲ್ಲ.
ನಲವತ್ತೊಂದಕ್ಕೆ ದಿಲ್ಲಿ, ಬಂದ್‌ಗಲಾ ಕೋಟು.
ಪಕ್ಷ ಎರಡು ಸಲ ಬದಲಾಯಿತು, ಒಳಜೇಬು ಬದಲಾಗಲಿಲ್ಲ.
ಅಲ್ಲಿ ದರ್ಜಿಗಳಿಲ್ಲವಾ, ಕೇಳಿದೆ.
"ಇದ್ದಾರೆ ಇಕ್ಕ. ಒಳಗಿನದು ಅವರಿಗೆ ಬರುವುದಿಲ್ಲ."
ಒಮ್ಮೆ ಇಸ್ತ್ರಿಗೆ ಮೊದಲು ಕೈಹಾಕಿ ನೋಡಿದೆ, ತಪ್ಪೇ.
ಸಿಕ್ಕಿದ್ದು ಎರಡು ಗ್ಯಾಸಿನ ಮಾತ್ರೆ,
ಯಾವುದೋ ಸಿಮೆಂಟ್ ಕಂಪನಿಯ ಕಾರ್ಡು.

ಹಾಗಂತ ಬಯ್ಯಲಾರೆ.
ಲೈನ್‌ಮನೆಗಳಿಗೆ ಕರೆಂಟು ಬಂದದ್ದು ಅವನಿಂದ.
ಕೂಲಿಯ ಕಾಯಿದೆಗೆ ಮೂರು ರಾತ್ರಿ ಸದನದಲ್ಲೇ ಮಲಗಿದ,
ನಾನು ಹೊಲಿದ ಕೋಟನ್ನೇ ದಿಂಬು ಮಾಡಿಕೊಂಡು;
ಫೋಟೋದಲ್ಲಿ ಗುರುತು ಹಿಡಿದೆ.

ಆಮೇಲೆ ಕಾಡಿನ ಖಾತೆ ಬಂತು.
ಬೊಳ್ಳಚ್ಚಿ ಒಂದು ಕಾಗದ ಹಿಡಿದು ಮೆಟ್ಟಿಲಿಳಿದಳು, ಓದು ಅಂದಳು.
ಓದಿದೆ. ಹುಲಿಗೆ ಜಾಗ ಬೇಕು, ಹಾಡಿ ಬಿಡಿ, ತೊಂಬತ್ತು ದಿನ.
ಸಹಿಯ ಹತ್ತಿರ ಬಂದು ತಡವರಿಸಿದೆ.
"ದಾಸ ಅಂತ ಬರೆದಿಲ್ಲವಲ್ಲ," ಅಂದಳು.
ನೆಲದ ಮೇಲಿನ ಬಟ್ಟೆಚೂರು ಆರಿಸುತ್ತಾ ಕೂತಿದ್ದು
ತುಂಬ ಹೊತ್ತಾದ ಮೇಲೆ ಕೇಳಿದಳು:
"ಅವನಿಗೆ ಈಗಲೂ ಕೆಮ್ಮು ಇದೆಯಾ?"

ಮೊನ್ನೆ ಫೋನು ಬಂದದ್ದು ಅವನದಲ್ಲ, ಕಾರ್ಯದರ್ಶಿಯದು.
ದೊಡ್ಡ ಪದವಿ, ಪ್ರಮಾಣವಚನ, ಎದೆ ನಲವತ್ತಮೂರು.
ಒಳಜೇಬು ಬೇಡವಂತೆ, ಟೀವಿಯಲ್ಲಿ ಗೆರೆ ಕಾಣುತ್ತದಂತೆ.
ಅಷ್ಟರಲ್ಲಿ ಕತ್ತರಿಸಿಯಾಗಿತ್ತು.
ಇಷ್ಟು ವರ್ಷದ ಕೈ, ಹೇಳಿದರೆ ಕೇಳುತ್ತದೆಯೇ?
ಹೊಲಿದೆ. ಅದರ ಬಾಯಿಯನ್ನೂ ಹೊಲಿದುಬಿಟ್ಟೆ.

ಪಕ್ಕದ ಹೋಟೆಲಿನಲ್ಲಿ ಎಲ್ಲರೂ ಟೀವಿಯ ಮುಂದೆ.
ಬಲಗೈಯಲ್ಲಿ ಕಾಗದ, ಗಂಟಲು ಗಟ್ಟಿ.
ಎಡಗೈ ಮಾತ್ರ ತಾನಾಗಿ ಎದೆಗೆ ಹೋಯಿತು,
ತಡವಿತು, ಮತ್ತೆ ತಡವಿತು,
ಯಾರ ಭಯವೂ ಪಕ್ಷಪಾತವೂ ಇಲ್ಲದೆ ಎಂಬಲ್ಲಿ
ಮಾತು ಸಿಕ್ಕಿಕೊಂಡು ಕೆಮ್ಮು ಬಂತು.
ಹೋಟೆಲು ಪೂರ್ತಿ ಸುಮ್ಮನಾಯಿತು.
ಯಾಕೋ ಗೊತ್ತಿಲ್ಲ,
ಚಾ ಲೋಟ ಕೆಳಗಿಟ್ಟು
ನಾನೂ ಜೋರಾಗಿ ಕೆಮ್ಮಿದೆ.