ಅಥರ್ ಎಂದರೆ ಅರ್ಧ ಗಂಟೆ

ಸಂಜೆ ಆರಕ್ಕೆ ನಾನು ಹ್ಯಾಂಡಲ್ ತಿರುಗಿಸಿದರೆ
ಹೈಲ್ ಸಿದ್ರದಲ್ಲಿ ಹನ್ನೊಂದರವರೆಗೆ ರಾತ್ರಿಯಾಗುತ್ತಿರಲಿಲ್ಲ.
ಹತ್ತೊಂಬತ್ತು ಮನೆ, ಮಸೀದಿ, ಶಾಲೆ,
ಮೂರು ಸಿಲಿಂಡರಿನ ಒಂದು ಜನರೇಟರು,
ಅದರ ಕೆಮ್ಮು ಕೇಳಿಯೇ ಕಾಯಿಲೆ ಹೇಳುವ ನಾನು:
ಗಂಗೊಳ್ಳಿಯ ದೋಣಿ ಎಂಜಿನ್ನುಗಳ ಹಳೇ ವೈದ್ಯ,
ಕಲಿತದ್ದು ಎಂಟನೇ ಕ್ಲಾಸು.
ಝುವೈನಾ ಅಜ್ಜಿಗೆ ಮಾತ್ರ ನಾನು "ಯಾ ಮುಹಂದಿಸ್!"
ಅಂದರೆ ಎಂಜಿನಿಯರ್ ಸಾಹೇಬ.
ಆ ಕರೆಯಲ್ಲಿದ್ದದ್ದು ನಗುವೋ ಗೌರವವೋ
ಹನ್ನೊಂದು ವರ್ಷವಾದರೂ ಗೊತ್ತಾಗಲಿಲ್ಲ.

ಡೀಸೆಲ್ಲು ಬರುತ್ತಿದ್ದದ್ದು ವಾದಿಯ ಹಾದಿಯಲ್ಲಿ.
ವಾದಿ ಎಂದರೆ ಒಣಗಿದ ಹೊಳೆ;
ಒಣಗಿದ್ದನ್ನು ಮರೆತ ದಿನ, ಹೊಳೆ.
ಹಾಗೆ ಮರೆತ ಒಂದು ವಾರ
ಟ್ಯಾಂಕರು ಆಚೆ, ನಾವು ಈಚೆ,
ಎಣ್ಣೆಯ ದೇಶದಲ್ಲಿ ಎಣ್ಣೆಯಿಲ್ಲದ ಕತ್ತಲೆ.
ಅಜ್ಜಿಯ ಇನ್ಸುಲಿನ್ ಶೀಶೆಗಳನ್ನು
ಒದ್ದೆ ಗೋಣಿಯಲ್ಲಿ ಸುತ್ತಿ
ಬೆಟ್ಟದ ಹೊಟ್ಟೆಯಿಂದ ಹರಿದು ಬರುವ ಫಲಜಿನ ಕಾಲುವೆಗೆ ಇಳಿಬಿಟ್ಟೆವು.
ಏಳು ದಿನ ನೀರೇ ಫ್ರಿಜ್ಜು.

ಆಮೇಲೆ ಮಸ್ಕತ್ತಿನಿಂದ ಒಬ್ಬರು ಬಂದರು, ಬಿಳಿ ಗಾಡಿ.
ಬಾನೆಟ್ಟಿನ ಮೇಲೆ ನಕ್ಷೆ ಹಾಸಿ, ಹಾರದಂತೆ ನಾಲ್ಕು ಕಲ್ಲಿಟ್ಟು
ಎರಡು ದಾರಿ ಹೇಳಿದರು:
ಕಡಲಂಚಿನ ದೊಡ್ಡ ಸ್ಥಾವರದಿಂದ ತಂತಿ,
ಎಂಬತ್ತಾರು ಕಂಬ, ಆರು ವರ್ಷ, ಇನ್ಶಾ ಅಲ್ಲಾಹ್.
ಇಲ್ಲವೇ ಶಾಲೆಯ ಹಿಂದಿನ ಬಯಲಲ್ಲಿ ಸೋಲಾರ್ ಫಲಕ,
ಕಪಾಟಿನಷ್ಟು ಬ್ಯಾಟರಿ, ಬರುವ ರಂಜಾನಿನೊಳಗೆ.
"ಆದರೆ ಹಂಚಿಕೊಳ್ಳುವ ಲೆಕ್ಕ ನಿಮ್ಮದು.
ಎಲ್ಲರೂ ಒಟ್ಟಿಗೆ ಏಸಿ ಹಾಕಿದರೆ ಎಲ್ಲರಿಗೂ ಕತ್ತಲೆ.
ಸಮಿತಿ ಇದೆಯೇ? ಸಹಿ ಯಾರದು?"

ಗಂಡಸರು ಗಡ್ಡ ಕೆರೆದುಕೊಂಡರು.
ಮುಸಲ್ಲಮ್ ಬಿನ್ ಹುವೈಶಿಲ್, ಫಲಜಿನ ಅರೀಫ,
ಐವತ್ತು ವರ್ಷ ನೀರಿನ ಸರದಿ ಕೂಗಿದವನು.
ಅವನಿಗೆ ಸಹಿ ಬಾರದು, ಕೋಲು ಬರುತ್ತದೆ:
ಮಸೀದಿ ಬಯಲಲ್ಲಿ ನೆಟ್ಟ ಕೋಲು, ಸಾಲು ಕಲ್ಲು.
ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ ಸರಿದರೆ ಒಂದು ಅಥರ್,
ಅರ್ಧ ಗಂಟೆ;
ಒಬ್ಬನ ತೋಟದ ಮಡೆ ಮುಚ್ಚು, ಇನ್ನೊಬ್ಬನದು ತೆರೆ.
ರಾತ್ರಿಗೆ ನಕ್ಷತ್ರ.
"ನೆರಳಳೆದು ನೀರು ಹಂಚಿದವರು ನಾವು," ಎಂದ,
"ಬಿಸಿಲು ಹಂಚಲು ಬೇರೆ ಸಮಿತಿ ಬೇಕೇ?"

ಮೂರು ರಾತ್ರಿ ಜಗಳ.
ನನ್ನ ಜನರೇಟರಿನ ಬೆಳಕಲ್ಲೇ
ನನ್ನ ಜನರೇಟರಿನ ಸಾವಿನ ಚರ್ಚೆ,
ಕಹ್ವಾ ಬಗ್ಗಿಸಿದವನೂ ನಾನೇ.
ನೀರಿಗಾದರೆ ಮೊದಲು ಬಾಯಿ, ಆಮೇಲೆ ನಮಾಜಿನ ಕೈಕಾಲು,
ಆಮೇಲೆ ಖರ್ಜೂರ.
ಕರೆಂಟಿಗೆ ಬಾಯಿ ಯಾವುದು?
ಫೋನು, ಎಂದ ಹುಡುಗ ಮುಂಧಿರ್.
ಎಲ್ಲರೂ ನಕ್ಕರು, ಯಾರೂ ಅಲ್ಲ ಎನ್ನಲಿಲ್ಲ.
ಕಡೆಗೆ ಗೋಡೆಯಾಚೆಯಿಂದ ಝುವೈನಾ:
"ನನ್ನ ಮದ್ದು ಮೀನಿನ ಜತೆ ಮಲಗಿತ್ತು, ಮರೆತಿರಾ?"
ಮೊದಲ ಪಾಲು ಫ್ರಿಜ್ಜಿಗಾಯಿತು.

ಫಲಜಿಗೆ ಇನ್ನೊಂದು ರೂಢಿ: ಕಾಲುವೆ ರಿಪೇರಿ ಮಾಡುವವನಿಗೆ,
ಅಂಗೈಯಗಲ ತೋಟವಿಲ್ಲದಿದ್ದರೂ, ಒಂದು ಅಥರ್.
ಪಟ್ಟಿಯ ಕೊನೆಗೆ ಅರೀಫ ನನ್ನ ಹೆಸರು ಕೂಗಿದ,
"ಬಾಂಡು ಖಾರ್ವಿ!"
ಅರಬ್ಬಿಯಲ್ಲಿ ಪಾಂಡುವಿನ ಪ ಇಲ್ಲ.
ರಾತ್ರಿ ಎರಡರಿಂದ ಎರಡೂವರೆ,
ಯಾರಿಗೂ ಬೇಡದ ಹೊತ್ತು. ಆದರೂ ನನ್ನದು.

ಅದನ್ನೀಗ ತೋಟದಾಳು ಕಮ್ರುಲನ
ಟೇಬಲ್ ಫ್ಯಾನಿಗೆ ಸಾಲ ಕೊಟ್ಟಿದ್ದೇನೆ.
ಬಡ್ಡಿ, ವಾರಕ್ಕೊಮ್ಮೆ ಅವನ ಕೈಯ ಮೀನು ಸಾರು,
ಸಾಸಿವೆ ಜಾಸ್ತಿ.
ಎರಡೂವರೆಗೆ ಕರೆಂಟು ಹೋದ ಮೇಲೂ
ರೆಕ್ಕೆ ನಾಲ್ಕೈದು ಸುತ್ತು ಬಿಟ್ಟಿ ತಿರುಗುತ್ತದಂತೆ.

ನನ್ನ ಕೆಲಸ ಈಗ ಫಲಕದ ಧೂಳೊರೆಸುವುದು,
ನಸುಕಿಗೆ, ಇಬ್ಬನಿ ಆರುವ ಮುಂಚೆ, ಹಳೇ ಲುಂಗಿಯಲ್ಲಿ.
ಸಂಬಳ ಅಷ್ಟೇ. ಉಗುರಲ್ಲಿ ಮಸಿಯಿಲ್ಲ.
ಜನರೇಟರಿನ ಶೆಡ್ಡಿನಲ್ಲಿ ಅಜ್ಜಿಯ ಮೇಕೆ ಮರಿ ಹಾಕಿದೆ.

ಮೊನ್ನೆ ಸಂಜೆ ಆರಕ್ಕೆ, ಯಾಕೋ,
ಒಳಗೆ ಹೋಗಿ ಹ್ಯಾಂಡಲ್ ಹಿಡಿದು ನಿಂತೆ.
ಹೊರಗೆ ಕಿಟಕಿಗಳಲ್ಲಿ ಒಂದೊಂದೇ ದೀಪ,
ನನ್ನನ್ನು ಕೇಳದೆ.
ಇಷ್ಟು ವರ್ಷ ಈ ಹೊತ್ತಿಗೆ
ಕಾಲುವೆ ಸದ್ದು ಮಾಡುತ್ತದೆಂದೇ ನನಗೆ ತಿಳಿದಿರಲಿಲ್ಲ.

"ಯಾ ಮುಹಂದಿಸ್," ಅಜ್ಜಿ ಕೂಗಿದಳು,
"ಬಾಗಿಲು ಹಾಕು, ಮರಿಗೆ ಚಳಿ."